ಗೊತ್ತಿತ್ತು, ಗೊತ್ತಾಯಿತು: ಕನ್ನಡದ ಬಾಗಿಲಿನಿಂದ ಸ್ಪ್ಯಾನಿಷ್

ಸ್ಪ್ಯಾನಿಷ್ ಕಲಿಯಲು ಕುಳಿತವರು ಕೇಳುವ ವ್ಯಾಕರಣದ ಪ್ರಶ್ನೆಗಳು ಊರಿಂದ ಊರಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದೇ ‘ಈಸ್’ ಸಾಕಾಗುವ ಕಡೆ ಸೆರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದ ಏಕೆ? ಕಾಫಿ ಇಷ್ಟ ಎನ್ನುವ ವಾಕ್ಯ ತಲೆಕೆಳಗಾಗಿ ನಿಂತಿರುವುದೇಕೆ? ಆಗಿಹೋದದ್ದನ್ನು ಹೇಳಲು ಎರಡು ಭೂತಕಾಲ ಯಾಕೆ ಬೇಕು? ಮರಿಯಾಳನ್ನು ನೋಡುತ್ತೇನೆ ಎನ್ನುವಾಗ ಅವಳ ಹೆಸರಿಗೆ ಮೊದಲು ‘ಆ’ ಎಂಬ ಪುಟ್ಟ ಪದ ಬರುತ್ತದೆ, ಮನೆ ನೋಡುತ್ತೇನೆ ಎನ್ನುವಾಗ ಬರುವುದಿಲ್ಲ, ಏಕೆ? ಸಬ್ಜಂಕ್ಟಿವ್ ಎಂಬ ಕ್ರಿಯಾರೂಪವನ್ನು ಎಲ್ಲಿ ಬಳಸಬೇಕು? ಸುಮಾರು 50 ಕೋಟಿ ಜನರ ತಾಯ್ನುಡಿಯಾಗಿರುವ, ಸುಮಾರು 20 ದೇಶಗಳಲ್ಲಿ ಅಧಿಕೃತವಾಗಿರುವ ಭಾಷೆಯನ್ನು ಕಲಿಯುವವರು ಬಹಳ. ಹಾಗಾಗಿ ಈ ಪ್ರಶ್ನೆಗಳಿಗೆ ಉತ್ತರ ಬರೆದ ಪುಸ್ತಕಗಳೂ ಬಹಳ. ಆದರೆ ಉತ್ತರಗಳನ್ನು ಬದಿಗಿಟ್ಟು ಪ್ರಶ್ನೆಗಳನ್ನೇ ಸಾಲಾಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಇಂಗ್ಲಿಷ್ ಒಂದೇ ರೂಪದಲ್ಲಿ ಮುಗಿಸಿದ್ದನ್ನು ಸ್ಪ್ಯಾನಿಷ್ ಬೇರೆ ಬಗೆಯಲ್ಲಿ ಹೇಳುವ ಕಡೆಗಳಲ್ಲೇ ಇವೆಲ್ಲ ಹುಟ್ಟಿವೆ. ಕೇಳಿದವರು ಇಂಗ್ಲಿಷಿನಿಂದ ಹೊರಟವರು. ಇಂಗ್ಲಿಷ್ ಪುಸ್ತಕ ಹಿಡಿದು ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಉತ್ತರಗಳ ಜೊತೆಗೆ ಆ ಪ್ರಶ್ನೆಗಳನ್ನೂ ಸಾಲ ತರುತ್ತಾರೆ. ಕನ್ನಡದಿಂದ ಹೊರಟವರಿಗೆ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಹುಟ್ಟಬೇಕಾದದ್ದೇ ಇಲ್ಲ ಎಂಬುದು ನನ್ನ ವಾದ. ನಮಗೆ ನಿಜವಾಗಿ ಹುಟ್ಟಬೇಕಾದ ಪ್ರಶ್ನೆಗಳು ಬೇರೆ ಇವೆ.

ಸೆರ್ ಮತ್ತು ಎಸ್ತಾರ್ ಅನ್ನೇ ಮೊದಲು ತೆಗೆದುಕೊಳ್ಳೋಣ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂಬ ಸೂತ್ರವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಾರೆ. ಈ ಸೂತ್ರ ಮೊದಲ ವಾರದಲ್ಲೇ ಮುರಿದು ಬೀಳುತ್ತದೆ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ ಸತ್ತವನ ಬಗ್ಗೆ ಸ್ಪ್ಯಾನಿಷ್ ‘ಎಸ್ತಾ ಮ್ವೆರ್ತೊ’ ಎನ್ನುತ್ತದೆ, ಅಂದರೆ ಎಸ್ತಾರ್. ಯೌವನ ನಾಲ್ಕು ದಿನದ್ದು, ಆದರೆ ‘ಎಸ್ ಹೋಬೆನ್’ ಎಂದು ಅದಕ್ಕೆ ಸೆರ್. ಮದ್ರಿದ್ ನಗರ ಸ್ಪೇನ್ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ, ಆದರೂ ಅದು ಸ್ಪೇನಿನಲ್ಲಿದೆ ಎನ್ನಲು ಎಸ್ತಾರೇ ಬೇಕು. ಕನ್ನಡದ ವಾಕ್ಯಗಳನ್ನು ಪಕ್ಕದಲ್ಲಿಟ್ಟರೆ ಗೊಂದಲ ತಾನಾಗಿ ಕರಗುತ್ತದೆ. ‘ಅವನು ಡಾಕ್ಟರು’ ಎನ್ನುವಾಗ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ. ಇದು ಅದೇ, ಇವನು ಇಂಥವನು ಎಂದು ಎರಡನ್ನು ಸರಿಗಟ್ಟಿ ಸುಮ್ಮನಾಗುತ್ತೇವೆ. ಸ್ಪ್ಯಾನಿಷ್ ಅಲ್ಲಿ ಸೆರ್ ಬಳಸುತ್ತದೆ. ‘ಅವನು ಮನೆಯಲ್ಲಿದ್ದಾನೆ’, ‘ಚಹಾ ಬಿಸಿಯಾಗಿದೆ’, ‘ಬಾಗಿಲು ತೆರೆದಿದೆ’ ಎನ್ನುವಾಗ ‘ಇರು’ ಬರುತ್ತದೆ. ಸ್ಪ್ಯಾನಿಷ್ ಅಲ್ಲಿ ಎಸ್ತಾರ್ ಇಡುತ್ತದೆ. ಸತ್ತವನ ಬಗ್ಗೆ ನಾವು ‘ಸತ್ತಿದ್ದಾನೆ’ ಎನ್ನುತ್ತೇವಲ್ಲ, ಅದೇ ‘ಎಸ್ತಾ ಮ್ವೆರ್ತೊ’: ಸತ್ತು, ಇದ್ದಾನೆ. ಒಂದು ಆಗುವಿಕೆ ಮುಗಿದ ಮೇಲೆ ಉಳಿದ ಸ್ಥಿತಿ ಅದು. ಲ್ಯಾಟಿನ್ನಿನಲ್ಲಿ ನಿಲ್ಲು ಎಂಬ ಅರ್ಥದ ‘ಸ್ತಾರೆ’ಯಿಂದ ಎಸ್ತಾರ್ ಬಂತು ಎಂಬುದನ್ನು ನೆನೆದರೆ ಈ ಅರ್ಥ ಇನ್ನಷ್ಟು ಸ್ಪಷ್ಟ. ಇನ್ನೂ ಸೂಕ್ಷ್ಮವಾದ ಹೊಂದಿಕೆಯೊಂದಿದೆ. ಸ್ಥಳ ಹೇಳಲು ಎಸ್ತಾರ್ ಬೇಕೆಂದು ಕಲಿತವರು, ಮದುವೆ ಸಲಮಾಂಕಾದಲ್ಲಿ ಎನ್ನುವಾಗ ‘ಲಾ ಬೋದಾ ಎಸ್ ಎನ್ ಸಲಮಾಂಕಾ’ ಎಂದು ಸೆರ್ ಬಂದದ್ದು ನೋಡಿ ತಬ್ಬಿಬ್ಬಾಗುತ್ತಾರೆ. ನಾವೂ ಛತ್ರ ಮೈಸೂರಿನಲ್ಲಿದೆ ಎನ್ನುತ್ತೇವೆ. ಮದುವೆ ಎಲ್ಲಿ ಎಂದರೆ ‘ಮದುವೆ ಮೈಸೂರಿನಲ್ಲಿ’ ಎಂದಷ್ಟೇ ಹೇಳಿ ನಿಲ್ಲಿಸಬಹುದು. ವಸ್ತು ಇರುತ್ತದೆ, ಸಮಾರಂಭ ನಡೆಯುತ್ತದೆ. ಆ ವ್ಯತ್ಯಾಸ ನಮ್ಮ ಕಿವಿಗೆ ಹೊಸದಲ್ಲ.

ಹಾಗೆಂದು ಕನ್ನಡದ ವಾಕ್ಯವನ್ನು ಕಣ್ಣುಮುಚ್ಚಿ ದಾಟಿಸಿದರೆ ಎಡವುವುದೂ ಇದೆ. ಹುಡುಗ ಎತ್ತರವಾಗಿದ್ದಾನೆ ಎಂಬಲ್ಲಿ ಇರುವ ‘ಇರು’ವನ್ನು ನಂಬಿ ಎಸ್ತಾರ್ ಹಾಕಿದರೆ ತಪ್ಪು, ಎತ್ತರ ಅವನ ಲಕ್ಷಣವಾದ್ದರಿಂದ ಅಲ್ಲಿ ಸೆರ್ ಬೇಕು. ಎಸ್ತಾರ್ ಹಾಕಿದರೆ, ರಜೆಗೆ ಬಂದ ಮೊಮ್ಮಗನನ್ನು ಕಂಡು ಅಜ್ಜಿ ‘ಎಷ್ಟು ಉದ್ದ ಆಗಿದ್ದೀಯೋ!’ ಎಂದಂತಾಗುತ್ತದೆ. ಕನ್ನಡದ ‘ಆಗಿ ಇರು’ ಬಣ್ಣನೆಗೂ ಸಲ್ಲುತ್ತದೆ, ಬದಲಾವಣೆಗೂ ಸಲ್ಲುತ್ತದೆ. ಸ್ಪ್ಯಾನಿಷ್ ಇವೆರಡನ್ನು ಬೇರೆ ಮಾಡುತ್ತದೆ. ಇದಕ್ಕೂ ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮಾತನ್ನು ‘ಎತ್ತರದವನು’, ‘ಒಳ್ಳೆಯವನು’, ‘ಬೇಜಾರು ಹಿಡಿಸುವವನು’ ಎಂದು ತಿರುಗಿಸಿದರೂ ಅರ್ಥ ಉಳಿದರೆ ಸೆರ್. ‘ಬೇಜಾರಾಗಿದೆ’ ಎಂದೇ ಹೇಳಬೇಕಾದರೆ ಎಸ್ತಾರ್. ‘ಎಸ್ ಅಬುರ್ರೀದೊ’ ಎಂದರೆ ಎದುರಿನವರಿಗೆ ಬೇಜಾರು ಹಿಡಿಸುವವನು, ‘ಎಸ್ತಾ ಅಬುರ್ರೀದೊ’ ಎಂದರೆ ಬೇಜಾರಾಗಿ ಕೂತವನು. ಪರೀಕ್ಷೆ ನೂರಕ್ಕೆ ನೂರು ಕೆಲಸ ಮಾಡದು, ಆದರೆ ಶಾಶ್ವತ–ತಾತ್ಕಾಲಿಕ ಸೂತ್ರಕ್ಕಿಂತ ಹೆಚ್ಚು ದೂರ ಕರೆದೊಯ್ಯುತ್ತದೆ.

ಇಷ್ಟದ ಮಾತಿಗೆ ಬಂದರೆ ಕನ್ನಡಿಗರಿಗೆ ವಿವರಣೆಯೇ ಬೇಡ. ‘ಮೆ ಗುಸ್ತಾ ಎಲ್ ಕಫೇ’ ಎಂಬುದನ್ನು ಇಂಗ್ಲಿಷ್ ಪುಸ್ತಕಗಳು ‘ಕಾಫಿ ನನ್ನನ್ನು ಸಂತೋಷಪಡಿಸುತ್ತದೆ’ ಎಂದು ಬಿಡಿಸಿ ಹೇಳಿ, ಸ್ಪ್ಯಾನಿಷರು ಹಿಂದುಮುಂದಾಗಿ ಯೋಚಿಸುತ್ತಾರೆ ಎಂಬ ಭಾವನೆ ಬರಿಸುತ್ತವೆ. ‘ನನಗೆ ಕಾಫಿ ಇಷ್ಟ’ ಎನ್ನುವವರಿಗೆ ಇದರಲ್ಲಿ ಹಿಂದುಮುಂದು ಏನಿದೆ? ‘ಮೆ ದ್ವೆಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತದೆ. ‘ಮೆ ಪರೇಸೆ’ ಎಂದರೆ ನನಗೆ ಅನಿಸುತ್ತದೆ. ‘ಸೆ ಮೆ ಒಲ್ಬಿದೋ’ ಎಂದರೆ ನನಗೆ ಮರೆತುಹೋಯಿತು; ಮರೆವು ನಾನು ಮಾಡಿದ ಕೆಲಸವಲ್ಲ, ನನಗೆ ಆದದ್ದು ಎಂಬ ತಿಳಿವಳಿಕೆ ಎರಡೂ ಭಾಷೆಗಳಲ್ಲಿದೆ. ಪೋರ್ಚುಗೀಸರು ಇಲ್ಲಿ ಒಳ್ಳೆಯ ಸಾಕ್ಷಿ. ಸ್ಪ್ಯಾನಿಷ್‌ನ ಒಡಹುಟ್ಟಿದ ಭಾಷೆ ಅವರದು. ಸೆರ್, ಎಸ್ತಾರ್ ಎರಡೂ ಅವರಲ್ಲಿವೆ, ಆದ್ದರಿಂದ ಆ ಬಗ್ಗೆ ಅವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಇಷ್ಟದ ಕ್ರಿಯಾಪದಕ್ಕೆ ಅವರ ನುಡಿಯಲ್ಲಿ ‘ನಾನು’ ಕರ್ತೃ. ಒಡಹುಟ್ಟಿದ ನುಡಿಯವರು ನಿಂತು ಯೋಚಿಸಬೇಕಾದ ಕಡೆ, ಸಾವಿರಾರು ಮೈಲಿ ದೂರದ, ಬೇರೆ ಕುಟುಂಬದ ನುಡಿಯವರು ಸಲೀಸಾಗಿ ದಾಟುತ್ತಾರೆ. ಕಷ್ಟವೆಂಬುದು ಕಲಿಯುವ ಭಾಷೆಯೊಳಗೆ ಕೂತಿರುವ ಗುಣವಲ್ಲ, ಹೊರಟ ಜಾಗಕ್ಕೂ ಸೇರಬೇಕಾದ ಜಾಗಕ್ಕೂ ನಡುವಿನ ಅಂತರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಾಣದು.

ಈ ಹೊಂದಿಕೆ ಅತ್ಯಂತ ಸೊಗಸಾಗಿ ಕಾಣುವುದು ಭೂತಕಾಲದಲ್ಲಿ. ಸ್ಪ್ಯಾನಿಷ್‌ನಲ್ಲಿ ಮುಗಿದ ಘಟನೆಗೆ ಒಂದು ರೂಪ, ನಡೆಯುತ್ತಿದ್ದ ಅಥವಾ ರೂಢಿಯಾಗಿದ್ದ ಸಂಗತಿಗೆ ಇನ್ನೊಂದು. ‘ಕೊಸಿನೋ’ ಎಂದರೆ ಅಡುಗೆ ಮಾಡಿದಳು, ‘ಕೊಸಿನಾಬಾ’ ಎಂದರೆ ಅಡುಗೆ ಮಾಡುತ್ತಿದ್ದಳು. ‘ನಾನು ಒಳಗೆ ಬಂದಾಗ ಅಮ್ಮ ಅಡುಗೆ ಮಾಡುತ್ತಿದ್ದಳು’ ಎಂಬಲ್ಲಿಯೂ, ‘ಅಮ್ಮ ಆಗೆಲ್ಲ ದಿನಾ ಸೌದೆ ಒಲೆಯಲ್ಲೇ ಅಡುಗೆ ಮಾಡುತ್ತಿದ್ದಳು’ ಎಂಬಲ್ಲಿಯೂ ನಾವು ಒಂದೇ ‘ಮಾಡುತ್ತಿದ್ದಳು’ ಬಳಸುತ್ತೇವೆ. ಸ್ಪ್ಯಾನಿಷ್ ಕೂಡ ಎರಡಕ್ಕೂ ‘ಕೊಸಿನಾಬಾ’ ಬಳಸಬಲ್ಲದು. ಇಂಗ್ಲಿಷ್ ಈ ಎರಡನ್ನು ಬೇರೆ ಬೇರೆ ರಚನೆಗಳಲ್ಲಿ ಹೇಳುತ್ತದೆ, ಎಷ್ಟೋ ಸಲ ಬರೀ ಸಾದಾ ಭೂತಕಾಲದಲ್ಲೇ ಮುಗಿಸಿಬಿಡುತ್ತದೆ. ಆದ್ದರಿಂದ ಅಲ್ಲಿಂದ ಬಂದವರಿಗೆ ಒಂದು ಪುಟದ ಪಟ್ಟಿ ಬೇಕಾಗುತ್ತದೆ. ಆ ಪಟ್ಟಿಯ ಕೊನೆಯಲ್ಲಿ ‘ಭೂತಕಾಲದಲ್ಲಿ ಅರ್ಥ ಬದಲಾಗುವ ಕ್ರಿಯಾಪದಗಳು’ ಎಂಬ ಶೀರ್ಷಿಕೆ ಇರುತ್ತದೆ, ಅದನ್ನು ಬಾಯಿಪಾಠ ಮಾಡಿಸುತ್ತಾರೆ. ತಿಳಿ ಎಂಬರ್ಥದ ‘ಸಬೇರ್’ ಒಂದು ರೂಪದಲ್ಲಿ ‘ಸಬೀಯಾ’, ಇನ್ನೊಂದರಲ್ಲಿ ‘ಸುಪೆ’. ಇವು ನಮ್ಮ ‘ಗೊತ್ತಿತ್ತು’ ಮತ್ತು ‘ಗೊತ್ತಾಯಿತು’. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು, ‘ಕೊನೊಸೀ’ ಎಂದರೆ ಪರಿಚಯವಾಯಿತು. ‘ಮೆ ಗುಸ್ತಾಬಾ’ ಇಷ್ಟವಿತ್ತು, ‘ಮೆ ಗುಸ್ತೋ’ ಇಷ್ಟವಾಯಿತು. ಇಲ್ಲಿ ಯಾವ ಕ್ರಿಯಾಪದದ ಅರ್ಥವೂ ಬದಲಾಗಿಲ್ಲ. ಸ್ಥಿತಿಯನ್ನು ಒಳಗಿನಿಂದ ನೋಡಿದರೆ ‘ಇತ್ತು’, ಅದು ಶುರುವಾದ ಗಳಿಗೆಯನ್ನು ನೋಡಿದರೆ ‘ಆಯಿತು’, ಅಷ್ಟೇ. ಮೂರು ವರ್ಷದ ಮಗುವಿಗೂ ಈ ವ್ಯತ್ಯಾಸ ತಿಳಿದಿರುತ್ತದೆ. ಅಷ್ಟು ಗಟ್ಟಿಯಾಗಿ ಕೈಯಲ್ಲಿರುವ ಜ್ಞಾನವನ್ನು ಮರೆತು, ಬೇರೆಯವರಿಗಾಗಿ ಬರೆದ ಪಟ್ಟಿಯನ್ನು ಉರುಹೊಡೆಯುವುದು ನನಗೆ ನಿಜಕ್ಕೂ ದುಃಖದ ಸಂಗತಿಯಾಗಿ ಕಾಣುತ್ತದೆ.

ಇಲ್ಲಿಯೂ ಒಂದು ಕಂದಕವಿದೆ. ‘ಹತ್ತು ವರ್ಷ ಮದ್ರಿದ್‌ನಲ್ಲಿದ್ದೆ’ ಎಂಬ ವಾಕ್ಯದಲ್ಲಿ ಕನ್ನಡದ ‘ಇದ್ದೆ’ ಯಾವ ಸುಳಿವನ್ನೂ ಕೊಡುವುದಿಲ್ಲ. ಹತ್ತು ವರ್ಷವೆಂದು ಅಳತೆ ಕಟ್ಟಿ ಮುಗಿಸಿದ್ದರಿಂದ ಸ್ಪ್ಯಾನಿಷ್ ಅದನ್ನು ಮುಗಿದ ಘಟನೆಯಾಗಿ ಎಣಿಸುತ್ತದೆ. ಅವಧಿ ಎಷ್ಟು ಉದ್ದವಾದರೂ ಅಷ್ಟೇ. ನಿನ್ನೆ ನೋಡಿದ ಸಿನಿಮಾ ‘ಚೆನ್ನಾಗಿತ್ತು’ ಎಂದು ನಾವು ಹೇಳುವಲ್ಲಿ ಅವರು ಸಾಮಾನ್ಯವಾಗಿ ಮುಗಿದ ರೂಪವನ್ನೇ ಬಳಸುತ್ತಾರೆ. ‘ಇರು’ ಬರುವ ವಾಕ್ಯಗಳಲ್ಲಿ ಎಚ್ಚರದಿಂದಿರಬೇಕು.

ನಡೆಯುತ್ತಿದ್ದುದನ್ನು ಹೇಳುವ ಎರಡನೆಯ ಭೂತಕಾಲಕ್ಕೆ ಸಾಂಪ್ರದಾಯಿಕ ಹೆಸರು ‘ಅಪೂರ್ಣ’. ಅದು ಲ್ಯಾಟಿನ್ ವ್ಯಾಕರಣದಿಂದ ಬಂದದ್ದು, ವಿದ್ಯಾರ್ಥಿಗೆ ಏನನ್ನೂ ಹೇಳದ್ದು. ಕರಾಕಸ್‌ನಲ್ಲಿ 1781ರಲ್ಲಿ ಹುಟ್ಟಿ, ಚಿಲಿಯಲ್ಲಿ ನೆಲೆಸಿ, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ಆಂದ್ರೆಸ್ ಬೆಯೊ ಇದನ್ನು ಬದಲಿಸಲು ಹೊರಟರು. 1847ರಲ್ಲಿ ಅವರು ಪ್ರಕಟಿಸಿದ ವ್ಯಾಕರಣ ಅಮೆರಿಕ ಖಂಡದ ಸ್ಪ್ಯಾನಿಷ್ ಭಾಷಿಕರಿಗಾಗಿಯೇ ಬರೆದದ್ದು. ಲ್ಯಾಟಿನ್ನಿನ ಅಚ್ಚಿಗೆ ಸ್ಪ್ಯಾನಿಷ್ ಅನ್ನು ಸುರಿಯಬಾರದು, ಭಾಷೆಯನ್ನು ಅದರೊಳಗಿನಿಂದಲೇ ವಿವರಿಸಬೇಕು ಎಂಬುದು ಅವರ ಹಟ. ಆ ರೂಪಕ್ಕೆ ಅವರು ಇಟ್ಟ ಹೆಸರು ‘ಕೊಪ್ರೆತೇರಿತೊ’, ಎಂದರೆ ಸಹಭೂತ: ಇನ್ನೊಂದು ಹಿಂದಿನ ಘಟನೆಯ ಜೊತೆಜೊತೆಗೆ ಇದ್ದದ್ದು. ಒಳಗೆ ಬಂದೆ, ಅದೇ ಹೊತ್ತಿಗೆ ಅಡುಗೆ ನಡೆಯುತ್ತಿತ್ತು. ಹೆಸರೇ ಅರ್ಧ ಪಾಠ ಹೇಳಿಬಿಡುತ್ತದೆ. ಮೆಕ್ಸಿಕೊದ ಶಾಲೆಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಕನ್ನಡದ ಓದುಗರಿಗೆ ಇದು ಪರಿಚಿತ ವಾದ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಡಿ.ಎನ್. ಶಂಕರ ಭಟ್ಟರು ಸಂಸ್ಕೃತದ ಅಚ್ಚಿನ ಬಗ್ಗೆ ಎತ್ತಿದ ಆಕ್ಷೇಪವೂ ಇದೇ ಜಾತಿಯದು. ಭಾಷೆಯನ್ನು ವಿವರಿಸುವವರಿಗೆ ಸಲ್ಲುವ ಈ ಮಾತನ್ನು ಕಲಿಯುವವರಿಗೂ ಅನ್ವಯಿಸಬೇಕು ಎಂಬುದಷ್ಟೇ ನನ್ನ ಕೋರಿಕೆ. ಇದೂ ಹೊಸದೇನಲ್ಲ. ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಸಲಮಾಂಕಾದಲ್ಲಿ ಹೊರತಂದ ಮೊಟ್ಟಮೊದಲ ಕಾಸ್ತಿಲಿಯನ್ ವ್ಯಾಕರಣದ ಐದನೆಯ ಭಾಗ ಹೊರಗಿನವರಿಗೆಂದೇ ಬರೆದದ್ದು. ಮುನ್ನುಡಿಯಲ್ಲಿ ಅವರು ಬಿಸ್ಕಾಯದವರು, ನವಾರ್ರದವರು, ಫ್ರೆಂಚರು, ಇಟಾಲಿಯನ್ನರು ಎಂದು ಕಲಿಯುವವರನ್ನು ಊರು ಹಿಡಿದು ಹೆಸರಿಸುತ್ತಾರೆ. ಬಾಸ್ಕ್ ಮಾತಾಡುವ ಬಿಸ್ಕಾಯದವನ ನುಡಿಯಲ್ಲಿ ನಾಮಪದಗಳಿಗೆ ಲಿಂಗವಿಲ್ಲ, ಇಟಾಲಿಯನ್ನನಲ್ಲಿ ಇದೆ. ಇಬ್ಬರೂ ಒಂದೇ ಪ್ರಶ್ನೆ ಕೇಳಲು ಸಾಧ್ಯವಿರಲಿಲ್ಲ.

ಮರಿಯಾಳ ಹೆಸರಿಗೆ ಮೊದಲು ಬರುವ ‘ಆ’ಗೆ ಮರಳೋಣ. ‘ಬೆಯೊ ಆ ಮರಿಯಾ’ ಎಂದರೆ ಮರಿಯಾಳನ್ನು ನೋಡುತ್ತೇನೆ. ‘ಬೆಯೊ ಲಾ ಕಾಸಾ’ ಎಂದರೆ ಮನೆ ನೋಡುತ್ತೇನೆ. ಕನ್ನಡದ ಎರಡು ವಾಕ್ಯಗಳಲ್ಲೇ ಉತ್ತರವಿದೆ. ಮನೆ ನೋಡುತ್ತೇನೆ ಎಂದರೆ ನಡೆಯುತ್ತದೆ, ‘ಮರಿಯಾ ನೋಡುತ್ತೇನೆ’ ಎಂದರೆ ನಡೆಯುವುದಿಲ್ಲ. ‘ಅನ್ನು’ ಬೇಕೇ ಬೇಕು. ಮನೆ ಯಾರನ್ನೂ ನೋಡದು, ಮನುಷ್ಯರು ನೋಡಬಲ್ಲರು. ಯಾರು ಯಾರನ್ನು ನೋಡಿದರು ಎಂಬ ಸಂದೇಹ ಬರುವಲ್ಲಿ ಗುರುತು ಹಾಕುತ್ತೇವೆ. ಜರ್ಮನಿಯ ಭಾಷಾವಿಜ್ಞಾನಿ ಗೇಯೋರ್ಗ್ ಬೊಸೊಂಗ್ 1980ರ ದಶಕದಲ್ಲಿ ಹೆಸರು ಕೊಟ್ಟ ಈ ಗುಣ ಜಗತ್ತಿನ ಅನೇಕ ಭಾಷೆಗಳಲ್ಲಿದೆ: ಕರ್ಮಪದಕ್ಕೆಲ್ಲ ಒಂದೇ ಬಗೆಯ ಗುರುತಿಲ್ಲ, ಸಜೀವಕ್ಕೆ ಮತ್ತು ನಿರ್ದಿಷ್ಟವಾದದ್ದಕ್ಕೆ ಮಾತ್ರ ಗುರುತು ಬೀಳುತ್ತದೆ. ‘ನಿರ್ದಿಷ್ಟ’ ಎಂಬ ಮಾತು ಮುಖ್ಯ. ‘ಬುಸ್ಕಾ ಮರೀದೊ’ ಎಂಬುದಕ್ಕೂ ‘ಬುಸ್ಕಾ ಆ ಸು ಮರೀದೊ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಇಂಗ್ಲಿಷ್ ಪುಸ್ತಕ ಅರ್ಧ ಪುಟ ವಿವರಿಸುತ್ತದೆ. ಕನ್ನಡದಲ್ಲಿ ಮೊದಲನೆಯದು ‘ಗಂಡು ಹುಡುಕುತ್ತಿದ್ದಾಳೆ’, ಎರಡನೆಯದು ‘ಗಂಡನನ್ನು ಹುಡುಕುತ್ತಿದ್ದಾಳೆ’. ಮೊದಲನೆಯವಳಿಗೆ ಇನ್ನೂ ಮದುವೆಯಾಗಿಲ್ಲ. ಹೆಣ್ಣು ನೋಡಲು ಬಂದವರಿಗೂ ‘ಆ ಹೆಣ್ಣನ್ನು’ ನೋಡಲು ಬಂದವರಿಗೂ ಇರುವ ಅಂತರ ತಿಳಿದವರು ಸ್ಪ್ಯಾನಿಷ್‌ನ ‘ಆ’ಗೆ ಹೆದರಬೇಕಿಲ್ಲ.

ಸಬ್ಜಂಕ್ಟಿವ್ ಬಗ್ಗೆ ಇಷ್ಟು ಧೈರ್ಯದಿಂದ ಹೇಳಲಾರೆ. ಹೈಸ್ಕೂಲು ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಓದಿದವರಿಗೆ, ಕ್ರಿಯಾಪದ ನಡೆದದ್ದನ್ನಷ್ಟೇ ಹೇಳುವುದಿಲ್ಲ, ನಡೆಯಲಿ ಎಂಬ ಬಯಕೆಯನ್ನೂ ನಡೆದೀತು ಎಂಬ ಊಹೆಯನ್ನೂ ಹೇಳುತ್ತದೆ ಎಂಬುದು ಗೊತ್ತು. ಸ್ಪ್ಯಾನಿಷ್ ಈ ಬಯಕೆ ಮತ್ತು ಊಹೆ ಎರಡನ್ನೂ ಸಬ್ಜಂಕ್ಟಿವ್ ಎಂಬ ಒಂದೇ ರೂಪದಲ್ಲಿ ತುಂಬಿದೆ. ‘ಕ್ಯೆರೊ ಕೆ ಬೆಂಗಾ’ ಎಂದರೆ ಅವನು ಬರಲಿ ಎಂಬುದು ನನ್ನಾಸೆ. ‘ಪ್ವೇದೆ ಕೆ ಬೆಂಗಾ’ ಎಂದರೆ ಬಂದಾನು. ‘ಪಾಸೆ ಲೊ ಕೆ ಪಾಸೆ’ ಎಂಬ ನುಡಿಗಟ್ಟು ಅಕ್ಷರಶಃ ನಮ್ಮ ‘ಏನೇ ಆಗಲಿ’. ‘ಬೆಂಗಾ ಕ್ಯೆನ್ ಬೆಂಗಾ’ ಎಂದರೆ ಯಾರೇ ಬರಲಿ. ಮಳೆ ಬರಲಿ ಬಿಡಲಿ ಎನ್ನಲು ‘ಯ್ವೇಬಾ ಒ ನೊ ಯ್ವೇಬಾ’. ದೇವರು ಮನಸ್ಸು ಮಾಡಿದರೆ ಎಂಬ ಅರ್ಥದ ಅರಬ್ಬೀ ಮಾತಿನಿಂದ ಬಂದ ‘ಒಹಲಾ’ ಎಂಬ ಪದದ ಮುಂದೆ ಯಾವಾಗಲೂ ಇದೇ ರೂಪ ಬರುತ್ತದೆ: ‘ಒಹಲಾ ಯ್ವೇಬಾ’, ಮಳೆ ಬರಲಪ್ಪಾ. ಇಷ್ಟರಮಟ್ಟಿಗೆ ನಾವು ಮನೆಯಲ್ಲೇ ಇದ್ದೇವೆ. ಆದರೆ ಅವನು ಬಂದಾಗ ಹೇಳುತ್ತೇನೆ, ಅವನು ಬಂದಾಗ ಹೇಳಿದೆ ಎಂಬ ಎರಡರಲ್ಲೂ ಕನ್ನಡ ‘ಬಂದಾಗ’ ಎಂದೇ ಹೇಳುತ್ತದೆ. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ಇನ್ನೂ ಆಗದ್ದು, ಅದಕ್ಕೆ ‘ಬೆಂಗಾ’. ಎರಡನೆಯದು ಆದದ್ದು, ಅದಕ್ಕೆ ‘ಬೀನೊ’. ಬರುತ್ತಾನೆ ಅಂತ ನನಗನಿಸುವುದಿಲ್ಲ ಎನ್ನುವಾಗಲೂ ನಾವು ‘ಬರುತ್ತಾನೆ’ಯನ್ನು ಮುಟ್ಟುವುದಿಲ್ಲ, ಅವರು ಬದಲಿಸುತ್ತಾರೆ. ಇಲ್ಲಿ ಕನ್ನಡ ನಮ್ಮನ್ನು ಅರ್ಧ ದಾರಿಗೆ ತಂದು ಬಿಡುತ್ತದೆ. ಉಳಿದರ್ಧವನ್ನು ಅಭ್ಯಾಸದಿಂದಲೇ ದಾಟಬೇಕು.

ಇದಕ್ಕೆಲ್ಲ ಬಲವಾದ ಆಕ್ಷೇಪಗಳಿವೆ. ಹೊಸ ಭಾಷೆಯನ್ನು ತಾಯ್ನುಡಿಗೆ ಹೋಲಿಸುತ್ತ ಕಲಿತರೆ ಅನುವಾದದ ಚಟ ಅಂಟುತ್ತದೆ, ಭಾಷೆಯೊಳಗೇ ಮುಳುಗಿ ಕಲಿಯಬೇಕು ಎನ್ನುವವರಿದ್ದಾರೆ. ಮುಳುಗುವ ಅವಕಾಶವಿದ್ದವರು ಖಂಡಿತ ಮುಳುಗಲಿ. ವಾರಕ್ಕೆ ಮೂರು ಗಂಟೆ ಬೆಂಗಳೂರಿನ ತರಗತಿಯಲ್ಲೋ ಫೋನಿನ ಆ್ಯಪ್‌ನಲ್ಲೋ ಕಲಿಯುವ ವಯಸ್ಕರು ಮಾತ್ರ ಹೇಗೂ ಹೋಲಿಸುತ್ತಲೇ ಇರುತ್ತಾರೆ, ಮನಸ್ಸನ್ನು ತಡೆಯಲಾಗದು. ಹೋಲಿಕೆ ಯಾವುದರ ಜೊತೆಗೆ ಎಂಬುದಷ್ಟೇ ಪ್ರಶ್ನೆ. ನಗರದ ಹೊಸ ತಲೆಮಾರು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಅವರಿಗೆ ಕನ್ನಡ ವ್ಯಾಕರಣವೇ ಬಾರದು ಎಂಬುದು ಇನ್ನೊಂದು ಆಕ್ಷೇಪ. ವ್ಯಾಕರಣದ ಹೆಸರುಗಳು ಬಾರದಿರಬಹುದು. ಆದರೆ ಮನೆಯಲ್ಲಿ ಕನ್ನಡ ಆಡುವ ಯಾರೂ ‘ಗೊತ್ತಿತ್ತು’ ಎನ್ನಬೇಕಾದಲ್ಲಿ ‘ಗೊತ್ತಾಯಿತು’ ಎನ್ನುವುದಿಲ್ಲ. ನನಗೆ ಬೇಕಿರುವುದು ಆ ಕಿವಿಯ ತೀರ್ಪು, ಪಾರಿಭಾಷಿಕ ಪದಗಳಲ್ಲ. ಹೋಲಿಕೆ ದಾರಿ ತಪ್ಪಿಸುತ್ತದೆ ಎಂಬ ಮೂರನೆಯ ಮಾತನ್ನು ಒಪ್ಪುತ್ತೇನೆ. ಅದಕ್ಕೇ ಎತ್ತರದ ಹುಡುಗನನ್ನೂ ಚೆನ್ನಾಗಿದ್ದ ಸಿನಿಮಾವನ್ನೂ ಮೇಲೆ ಮುಚ್ಚಿಡಲಿಲ್ಲ. ತಪ್ಪಾಗುವ ಜಾಗ ಯಾವುದೆಂದು ತಿಳಿಯುವುದೂ ಹೋಲಿಕೆಯಿಂದಲೇ.

ಇಂಗ್ಲಿಷಿನಿಂದ ಬಂದವರನ್ನು ಕಾಡುವ ಇನ್ನೊಂದು ಜೋಡಿ, ಪೋರ್ ಮತ್ತು ಪಾರಾ ಎಂಬ ಪದಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂಗ್ಲಿಷಿನ ‘ಫಾರ್’ ಒಂದೇ ಆಗಿರುವುದರಿಂದ ಹುಟ್ಟಿದ ತೊಡಕು ಅದು. ಕಾರಣ, ಬದಲಿ, ಮೂಲಕ ಎನ್ನುವಲ್ಲಿ ಪೋರ್, ಗುರಿ ಮತ್ತು ತಲುಪುವ ಜಾಗಕ್ಕೆ ಪಾರಾ ಎಂದು ಕನ್ನಡದಲ್ಲಿ ಬಿಡಿಸಿಕೊಂಡರೆ ಬಹುಪಾಲು ತಿಳಿಯಾಗುತ್ತದೆ. ‘ತು’ ಮತ್ತು ‘ಉಸ್ತೆದ್’ ನಮ್ಮ ನೀನು, ನೀವು. ಕೊಲಂಬಿಯಾದ ಕೆಲವು ಭಾಗಗಳಲ್ಲಿ ಮನೆಯವರೊಳಗೇ ‘ಉಸ್ತೆದ್’ ಎನ್ನುತ್ತಾರೆ ಎಂದರೆ ಇಂಗ್ಲಿಷಿನಿಂದ ಬಂದವರಿಗೆ ಅಚ್ಚರಿ. ಒಂದು ಮನೆಯಲ್ಲಿ ಅಪ್ಪನಿಗೆ ನೀನು, ಪಕ್ಕದ ಮನೆಯಲ್ಲಿ ನೀವು ಎನ್ನುವುದನ್ನು ಕಂಡವರಿಗೆ ಅದು ಸಹಜ.

ಹಾಗಾದರೆ ಕನ್ನಡಿಗರ ನಿಜವಾದ ಪ್ರಶ್ನೆಗಳು ಯಾವುವು? ಮೊದಲನೆಯದು ‘ಎಲ್’, ‘ಲಾ’ ಎಂಬ ಗುರುತುಗಳು. ನಮ್ಮಲ್ಲಿ ಅವಿಲ್ಲ, ಇಂಗ್ಲಿಷಿನ ‘ದ’ ಬಳಕೆಯೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ‘ನನಗೆ ಕಾಫಿ ಇಷ್ಟ’ದಲ್ಲಿ ಸಲೀಸಾಗಿ ದಾಟಿದವರು ‘ಕಫೇ’ಗೆ ಮೊದಲು ‘ಎಲ್’ ಇಡುವುದನ್ನು ಮರೆಯುತ್ತಾರೆ. ಪುಸ್ತಕಗಳು ಇಷ್ಟವಾದಾಗ ‘ಗುಸ್ತಾ’ ಹೋಗಿ ‘ಗುಸ್ತಾನ್’ ಆಗಬೇಕೆಂಬುದನ್ನೂ ಮರೆಯುತ್ತಾರೆ, ಏಕೆಂದರೆ ನಮ್ಮ ‘ಇಷ್ಟ’ಕ್ಕೆ ಬಹುವಚನವಿಲ್ಲ. ಮರಿಯಾಳಿಗೆ ಹೇಳಿದೆ ಎನ್ನುವಾಗ ಮರಿಯಾ ಎಂದ ಮೇಲೂ ‘ಲೆ’, ಅಂದರೆ ‘ಅವಳಿಗೆ’, ಎಂದು ಇನ್ನೊಮ್ಮೆ ಏಕೆ ಹೇಳಬೇಕು ಎಂಬುದಕ್ಕೆ ಕನ್ನಡದಲ್ಲಿ ಉತ್ತರವಿಲ್ಲ. ಎಲ್ಲಕ್ಕಿಂತ ದೊಡ್ಡದು ಲಿಂಗ. ಕನ್ನಡದಲ್ಲಿ ಅವನು, ಅವಳು, ಅದು ಎಂಬುದು ಅರ್ಥವನ್ನು ನೋಡಿ ನಿಶ್ಚಯವಾಗುತ್ತದೆ. ಮೇಜು ಹೆಣ್ಣೋ ಗಂಡೋ ಎಂದು ನಾವು ಯೋಚಿಸಬೇಕಾಗಿಲ್ಲ. ಸ್ಪ್ಯಾನಿಷ್‌ನಲ್ಲಿ ಮೇಜು ‘ಲಾ ಮೇಸಾ’, ಸ್ತ್ರೀಲಿಂಗ. ‘ಒ’ದಲ್ಲಿ ಮುಗಿದರೆ ಪುಲ್ಲಿಂಗ, ‘ಆ’ದಲ್ಲಿ ಮುಗಿದರೆ ಸ್ತ್ರೀಲಿಂಗ ಎಂಬ ನಿಯಮ ಬಹಳ ಮಟ್ಟಿಗೆ ನಡೆಯುತ್ತದೆ, ಆದರೆ ಕೈ ‘ಲಾ ಮಾನೊ’, ಗ್ರೀಕಿನಿಂದ ಬಂದ ‘ಪ್ರೊಬ್ಲೇಮಾ’ ಪುಲ್ಲಿಂಗ. ಹಿಂದಿಯನ್ನೋ ಮರಾಠಿಯನ್ನೋ ಚೆನ್ನಾಗಿ ಬಲ್ಲ ಕನ್ನಡಿಗರಿಗೆ ವಸ್ತುಗಳಿಗೂ ಲಿಂಗವಿರುತ್ತದೆ ಎಂಬ ಕಲ್ಪನೆ ಹೊಸದಲ್ಲ. ಯಾವ ವಸ್ತುವಿಗೆ ಯಾವುದು ಎಂಬುದು ಮಾತ್ರ ಅಲ್ಲಿಂದ ದಾಟಿ ಬರುವುದಿಲ್ಲ. ಪದವನ್ನು ಒಂಟಿಯಾಗಿ ಕಲಿಯದೆ ‘ಎಲ್’ ಅಥವಾ ‘ಲಾ’ ಸೇರಿಸಿಯೇ ಬಾಯಿಗೆ ತಂದುಕೊಳ್ಳುವುದು ಒಂದೇ ದಾರಿ. ಅಲ್ಲಿಯೂ ‘ಅಗ್ವಾ’ ಎಂಬ ನೀರು ಒಂದು ಬಲೆ ಹಾಕಿರುತ್ತದೆ. ಅದು ಸ್ತ್ರೀಲಿಂಗ, ಆದರೆ ಮೊದಲ ‘ಅ’ದ ಮೇಲೆ ಒತ್ತು ಬೀಳುವುದರಿಂದ, ಲಾ ಮತ್ತು ಅಗ್ವಾ ಒಂದಕ್ಕೊಂದು ತಾಗಿ ನುಂಗಿಹೋಗದಂತೆ, ಏಕವಚನದಲ್ಲಿ ‘ಎಲ್ ಅಗ್ವಾ’ ಎನ್ನುತ್ತಾರೆ. ಹಿಂದೆಯೇ ಬರುವ ವಿಶೇಷಣ ಮಾತ್ರ ಲಿಂಗವನ್ನು ಬಿಟ್ಟುಕೊಡುವುದಿಲ್ಲ. ತಣ್ಣೀರು ‘ಎಲ್ ಅಗ್ವಾ ಫ್ರೀಯಾ’. ಮುಂದೆ ನಿಂತ ‘ಎಲ್’ ನೋಡಿ ಕೊನೆಯಲ್ಲಿ ‘ಫ್ರೀಯೊ’ ಎಂದವರನ್ನು ಶಿಕ್ಷಕರು ತಿದ್ದುತ್ತಲೇ ಇರಬೇಕಾಗುತ್ತದೆ. ಕನ್ನಡಿಗರ ಸ್ಪ್ಯಾನಿಷ್ ಅಭ್ಯಾಸ ಪುಸ್ತಕದಲ್ಲಿ ಹೆಚ್ಚಿನ ಪುಟಗಳು ಮೀಸಲಾಗಬೇಕಾದದ್ದು ಇಂಥ ಕಡೆಗೆ.